ಲ್ಯಾಂಥನಮ್-ನಿಕ್ಕಲ್ಲೋ, ಟೈಟೇನಿಯಮ್-ಕಬ್ಬಿಣವೋ?

ತುಮಕೂರಿನ ಕಾಲೇಜು ಲ್ಯಾಬಿನಲ್ಲಿ ಹೈಡ್ರೋಜನ್ ಹೀರುವ ಮಿಶ್ರಲೋಹದ ಪ್ರಾಜೆಕ್ಟ್ ಮಾಡುತ್ತೀರಾ? ಸುಮ್ನೆ ಬೆಲೆ ನೋಡಿ ಆರಿಸಬೇಡಿ, ಮೇಲ್ಮೈ ನೋಡಿ. ಹೈಡ್ರೋಜನ್ ಅಣು ಅಲ್ಲಿ ಎರಡು ಪರಮಾಣುಗಳಾಗಿ ಒಡೆದರಷ್ಟೇ ಲೋಹದೊಳಗೆ ಇಳಿಯುತ್ತದೆ. ಹೊರಬರುವಾಗ ಅಲ್ಲೇ ಮತ್ತೆ ಜೋಡಿಯಾಗಬೇಕು.

ಲ್ಯಾಂಥನಮ್-ನಿಕ್ಕಲ್ ಇದರಲ್ಲಿ ಬಲು ಚುರುಕು. ಮೇಲ್ಮೈಗೆ ಸ್ವಲ್ಪ ಆಕ್ಸೈಡ್ (ಗಾಳಿಯ ಆಮ್ಲಜನಕ ಸೇರಿ ಆಗುವ ಪದರ) ಹಿಡಿದರೂ ಅಲ್ಲಿರುವ ನಿಕ್ಕಲ್, ಹೈಡ್ರೋಜನ್ ಅಣುವನ್ನು ಒಡೆಯುತ್ತಲೇ ಇರುತ್ತದೆ. ಕೋಣೆಯ ಉಷ್ಣತೆಯಲ್ಲೇ ತನ್ನ ತೂಕದ ಸುಮಾರು 1.4% ಹೈಡ್ರೋಜನ್ ಹೀರುತ್ತದೆ. ಬೆಲೆ ಮಾತ್ರ ಜಾಸ್ತಿ.

ಟೈಟೇನಿಯಮ್-ಕಬ್ಬಿಣ ಅಗ್ಗ, ಸುಮಾರು 1.8% ಹೀರುತ್ತದೆ. ಆದರೆ ಆಕ್ಸೈಡ್ ಪದರ ದಾರಿ ಕಟ್ಟುತ್ತದೆ. ಮೊದಲ ಸಲ 400 ಡಿಗ್ರಿಯಷ್ಟು ಕಾಯಿಸಿ ದಾರಿ ಬಿಡಿಸಬೇಕು. ಇನ್ನೊಂದು ಆಯ್ಕೆಯಾದ ಮೆಗ್ನೀಸಿಯಮ್ 7.6% ಹಿಡಿದರೂ ಹೈಡ್ರೋಜನ್ ಬಿಡಲು 300 ಡಿಗ್ರಿ ಹತ್ತಿರ ಬೇಕು.

ಚಿಕ್ಕ ಲ್ಯಾಬಿಗೆ ಲ್ಯಾಂಥನಮ್-ನಿಕ್ಕಲ್ಲೇ ಸರಿ. ಹೀರುವಾಗ ಬಿಸಿಯಾಗುತ್ತದೆ, ಸುತ್ತ ನೀರು ಹರಿಸಿ. ಹೀರಿದ ಪುಡಿಯನ್ನು ಗಾಳಿಗೆ ತೆರೆಯಲೇಬೇಡಿ, ಬೆಂಕಿ ಹತ್ತಬಹುದು.