ನಮ್ಮೂರ ಮತಗಟ್ಟೆ: ಐದಕ್ಕೆ ಮೂರೂವರೆ

ಕುಮಟಾ ಹತ್ತಿರದ ನಮ್ಮ ಶಾಲೆಯ ಮತಗಟ್ಟೆಗೆ 2024ರ ಮೇ 7ರಂದು ಲೋಕಸಭೆ ಚುನಾವಣೆಗೆ ವೋಟು ಹಾಕಲು ಹೋಗಿದ್ದೆ. ಸೆಕೆ ಅಂದ್ರೆ ಸೆಕೆ. ಸಾಲಿಗೆ ನೆರಳಿಲ್ಲ, ನೀರಿನ ಕ್ಯಾನ್ ಇತ್ತು, ಲೋಟ ಇಲ್ಲ. ಒಂದೂವರೆ ಅಂಕ ಅಲ್ಲೇ ಕಟ್. ಒಳಗಿನ ಕೆಲಸ ಮಾತ್ರ ಚುರುಕು: ಪಟ್ಟಿಯಲ್ಲಿ ಹೆಸರು ನೋಡಿ, ಸಹಿ ಹಾಕಿಸಿ, ಎಡಗೈ ತೋರುಬೆರಳಿಗೆ ಮೈಸೂರಿನ ಶಾಯಿ ಹಚ್ಚಿ ಕಳಿಸಿದರು. ಗುಂಡಿ ಒತ್ತಿದ ಮೇಲೆ ವಿವಿಪ್ಯಾಟ್ (ವೋಟು ಯಾರಿಗೆ ಬಿತ್ತು ಅಂತ ಚೀಟಿಯಲ್ಲಿ ತೋರಿಸುವ ಯಂತ್ರ) ಗಾಜಿನ ಹಿಂದೆ ಚೀಟಿ 7 ಸೆಕೆಂಡ್ ಕಾಣುತ್ತದೆ, ಆಮೇಲೆ ಕೆಳಗೆ ಬೀಳುತ್ತದೆ. ಕನ್ನಡಕ ಮರೀಬೇಡಿ.

ನಾನು ಯಾವ ಪಕ್ಷದವನೂ ಅಲ್ಲ. ಕಾಯಿಲೆ ಸೀರಿಯಸ್ ಆದ್ರೆ ಆಸ್ಪತ್ರೆಗೆ ಅಂತ ಮಂಗಳೂರಿಗೋ ಮಣಿಪಾಲಕ್ಕೋ ಓಡೋದನ್ನು ಯಾರು ತಪ್ಪಿಸುತ್ತಾರೋ ಅವರ ಕಡೆ ವಾಲುತ್ತೇನೆ, ಅಷ್ಟೇ. ಯಾರೂ ಬೇಡ ಅಂದ್ರೆ ನೋಟಾ ಇದೆ, ಆದರೆ ಅದಕ್ಕೆ ಎಷ್ಟೇ ವೋಟು ಬಿದ್ದರೂ ಗೆಲ್ಲೋದು ಅಭ್ಯರ್ಥಿಗಳಲ್ಲಿ ಮುಂದಿದ್ದವರೇ, ಹಾಗಾಗಿ ನನಗೆ ಅದು ಸುಮ್ನೆ ಅನ್ನಿಸುತ್ತದೆ. "ನನ್ನೊಂದು ವೋಟಿಂದ ಏನಾಗ್ತದೆ ಮಾರಾಯ" ಅನ್ನೋರು ಕೇಳಿ, 2023ರ ವಿಧಾನಸಭೆ ಚುನಾವಣೆಯಲ್ಲಿ ಕುಮಟಾದ ಗೆಲುವಿನ ಅಂತರ ಬರೀ 676. ನಮ್ಮ ಕಡೆ ಮದುವೆ ಊಟಕ್ಕೇ ಅದಕ್ಕಿಂತ ಜಾಸ್ತಿ ಜನ ಬರ್ತಾರಲ್ವಾ!

ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಬೆಳಿಗ್ಗೆ 7ಕ್ಕೇ ಹೋಗಿ. ಲೋಟ ಮನೆಯಿಂದಲೇ ಒಯ್ಯಿರಿ.