ಹಳೆಯ ಕಾರಿನ ಸ್ಟಾರ್ಟರ್ ಹಲ್ಲಿನ ಸವೆತ: ರಿಂಗ್ ಗೇರ್ ತಿರುಗಿಸಿ ಕೂರಿಸಿದ ಗ್ಯಾರೇಜಿನ ಕೆಲಸ

1950ರ ದಶಕದ ನನ್ನ ನಾಲ್ಕು ಸಿಲಿಂಡರಿನ ಕಾರು ಕೆಲವು ದಿನ ಕೀಲಿ ತಿರುಗಿಸಿದೊಡನೆ ಚಾಲೂ ಆಗುತ್ತಿತ್ತು. ಇನ್ನು ಕೆಲವು ದಿನ ಸ್ಟಾರ್ಟರ್ ಮೋಟಾರ್ ಗರಗರನೆ ಅರೆಯುತ್ತಿತ್ತೇ ಹೊರತು ಎಂಜಿನ್ ಮಿಸುಕುತ್ತಿರಲಿಲ್ಲ. ಟಾಪ್ ಗೇರಿನಲ್ಲಿಟ್ಟು ಕಾರನ್ನು ಒಂದಡಿ ತಳ್ಳಿದರೆ ಅದೇ ಸ್ಟಾರ್ಟರ್ ಸರಾಗವಾಗಿ ಕಚ್ಚಿಕೊಳ್ಳುತ್ತಿತ್ತು. ಮೊದಲು ತೋರಿಸಿದ ಗ್ಯಾರೇಜಿನವರು ಈ ಕೊನೆಯ ಮಾತನ್ನು ಕಿವಿಗೆ ಹಾಕಿಕೊಳ್ಳದೆ, ಎಂಜಿನ್ನನ್ನು ಕಚ್ಚಿ ತಿರುಗಿಸುವ ಸ್ಟಾರ್ಟರಿನ ಚಿಕ್ಕ ಹಲ್ಲುಚಕ್ರವಾದ ಪಿನಿಯನ್ ಬದಲಿಸಿ ಕಳುಹಿಸಿದರು. ನಾಲ್ಕೇ ತಿಂಗಳಲ್ಲಿ ಹೊಸ ಪಿನಿಯನ್ನಿನ ಹಲ್ಲುಗಳೂ ಮೊಂಡಾದವು.

ಎರಡನೆಯ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಆ ಮಾತಿನಿಂದಲೇ ಆರಂಭಿಸಿದರು. ಸ್ಟಾರ್ಟರ್ ಬಿಚ್ಚಿದ ತೆರಪಿಗೆ ದೀಪ ಹಿಡಿದು, ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ, ಎಂಜಿನ್ನನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸುತ್ತ ಫ್ಲೈವೀಲಿನ (ಎಂಜಿನ್ನಿನ ಭಾರದ ಚಕ್ರ) ಅಂಚಿಗೆ ಬಿಗಿದ ಹಲ್ಲಿನ ಬಳೆಯಾದ ರಿಂಗ್ ಗೇರಿನ ಪ್ರತಿಯೊಂದು ಹಲ್ಲನ್ನೂ ಪರೀಕ್ಷಿಸಿ, ಸವೆದ ಕಡೆ ಸೀಮೆಸುಣ್ಣದ ಗುರುತು ಹಾಕಿದರು. ಗುರುತು ಬಿದ್ದದ್ದು ಎದುರುಬದುರಾದ ಎರಡೇ ಜಾಗಗಳಲ್ಲಿ. ಆಫ್ ಮಾಡಿದ ಎಂಜಿನ್, ಯಾವುದಾದರೊಂದು ಪಿಸ್ಟನ್ ಗಾಳಿಯನ್ನು ಒತ್ತುತ್ತ ಮೇಲೇರುವಾಗ ಆ ತಡೆಗೆ ನಿಲ್ಲುತ್ತದೆ. ನಾಲ್ಕು ಸಿಲಿಂಡರಿನಲ್ಲಿ ಇಂತಹ ತಂಗುದಾಣಗಳು ಎರಡು, ಆರು ಸಿಲಿಂಡರಿನಲ್ಲಿ ಮೂರು. ಹೀಗಾಗಿ ಪಿನಿಯನ್ ವರ್ಷಗಟ್ಟಲೆ ಅವೇ ಕೆಲವು ಹಲ್ಲುಗಳಿಗೆ ಬಡಿಯುತ್ತದೆ. ತಳ್ಳಿದಾಗ ಎಂಜಿನ್ ತುಸು ತಿರುಗಿ, ಸವೆಯದ ಹಲ್ಲು ಎದುರಾಗುತ್ತಿದ್ದರಿಂದಲೇ ಕಾರು ಚಾಲೂ ಆಗುತ್ತಿತ್ತೆಂಬುದು ನನಗೆ ಆಗ ತಿಳಿಯಿತು.

ಹೊಸ ರಿಂಗ್ ಸಿಗದ ಕಾರಣ, ಸವೆಯದ ಹಲ್ಲುಗಳು ಆ ತಂಗುದಾಣಗಳಿಗೆ ಬರುವಂತೆ ಹಳೆಯದನ್ನೇ 90 ಡಿಗ್ರಿ ಸರಿಸಿ ಕೂರಿಸಲು ಅವರು ನಿರ್ಧರಿಸಿದರು. ಗೇರ್‌ಬಾಕ್ಸ್ ಇಳಿಸಿ, ಫ್ಲೈವೀಲ್ ತೆಗೆದು, ರಿಂಗನ್ನು ಸುತ್ತಲೂ ಸಮನಾಗಿ ಬಿಸಿಮಾಡಿ ತಟ್ಟಿ ಕಳಚಿದರು. ಮರಳಿ ಕೂರಿಸುವಾಗ ಮಾತ್ರ ಬೆಂಕಿಯ ಜ್ವಾಲೆಯನ್ನು ನೆಚ್ಚದೆ, ಒಲೆಯೊಳಗಿಟ್ಟು ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರು. ಕಾವು ಮಿತಿಮೀರಿದರೆ ಹಲ್ಲಿನ ಗಡಸುತನವೇ ಹೋಗಿ ಅವು ಬೇಗ ಸವೆಯುವುದರಿಂದ, ಈ ಎಚ್ಚರಿಕೆಯನ್ನು ನಾನು ಬಹಳ ಮೆಚ್ಚಿದೆ. ಪಿನಿಯನ್ ಒಳಬರುವ ಬದಿಯ ಓರೆಯಂಚು ಮೊದಲಿದ್ದ ದಿಕ್ಕಿಗೇ ಇದೆಯೆಂದು ನನಗೆ ತೋರಿಸಿದ ನಂತರವೇ ಜೋಡಣೆ ಮುಗಿಸಿದರು.

ಸ್ಟಾರ್ಟರಿನ ತುದಿಯಲ್ಲಿ ಶಾಫ್ಟನ್ನು ಹಿಡಿದಿಡುವ ಬುಷ್ ಕೂಡ ಸವೆದು, ಶಾಫ್ಟ್ ಓಲಾಡುತ್ತಿತ್ತು, ಅದನ್ನೂ ಮೊಂಡಾದ ಪಿನಿಯನ್ನನ್ನೂ ಬದಲಿಸಿದರು. ಬೆಂಡಿಕ್ಸ್ ಬಗೆಯ ಈ ಜೋಡಣೆಯಲ್ಲಿ ಮೋಟಾರ್ ಒಮ್ಮೆಲೇ ತಿರುಗಿದಾಗ ಪಿನಿಯನ್ ತನ್ನ ಜಡತ್ವದಿಂದಲೇ ತಿರುಪಿನ ಮೇಲೆ ಜಾರಿ ರಿಂಗನ್ನು ಹಿಡಿಯಬೇಕು. ತಿರುಪಿಗೆ ಗ್ರೀಸ್ ಬಳಿದರೆ ಕ್ಲಚ್ಚಿನ ಧೂಳು ಅಂಟಿಕೊಂಡು ಪಿನಿಯನ್ ಅರ್ಧದಲ್ಲೇ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿಯೇ ಹಾಕಿದ್ದರು.

ಒಂದು ಲೋಪವನ್ನು ಹೇಳಲೇಬೇಕು. ಮೋಟಾರಿನ ಮೈಗೆ ಬಣ್ಣ ಹೊಡೆಯುವಾಗ ಎಂಜಿನ್ನಿಗೆ ಒರಗುವ ಮುಖಕ್ಕೂ ಬಳಿದಿದ್ದರು. ಅರ್ಥಿಂಗ್ ಆಗುವುದು ಅಲ್ಲಿಂದಲೇ ಆದ್ದರಿಂದ ಮೊದಲ ವಾರ ಮೋಟಾರ್ ನಿಧಾನವಾಗಿ ತಿರುಗಿ, ಹಳೆಯ ಸದ್ದು ಮತ್ತೆ ಕೇಳಿ ಎದೆ ಧಸಕ್ಕೆಂದಿತು. ಎಮರಿ ಕಾಗದದಿಂದ ಬಣ್ಣ ಉಜ್ಜಿ ತೆಗೆದ ಮೇಲೆ ಆ ಸದ್ದು ನಿಂತಿತು.

ಎಂಟು ತಿಂಗಳ ಬಳಿಕ ಸ್ಟಾರ್ಟರ್ ಬಿಚ್ಚಿ ನೋಡಿದೆ. ಪಿನಿಯನ್ನಿನ ಹಲ್ಲುಗಳ ನಡುವೆ ಹೊಳೆಯುವ ಸಮನಾದ ಗೆರೆಯಿದೆ, ತುದಿಗಳು ಹಾಗೆಯೇ ಚೂಪಾಗಿವೆ. ಹಲ್ಲುಗಳು ಮುರಿದುಹೋಗಿದ್ದರೆ ಅಥವಾ ರಿಂಗನ್ನು ಈಗಾಗಲೇ ಒಮ್ಮೆ ಸರಿಸಿದ್ದರೆ ಈ ದುರಸ್ತಿ ಸಾಲದು. ಅಂಥ ಕಾರಿನವರು ಹೊಸ ರಿಂಗ್ ದೊರೆಯುವವರೆಗೆ ಕಾಯುವುದೇ ಲೇಸು.