ಮಂತ್ರಗಳ ಜಮಾ-ಖರ್ಚು: 2024ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನ ಮಾಂತ್ರಿಕ ಕ್ಲಾಸ್‌ಗಳು

ಮೇಜಿನ ಸುತ್ತ ಕೂತು, ಒಂದೊಂದು ಪಾತ್ರ ವಹಿಸಿ, ದಾಳ ಎಸೆದು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2024ರ ನಿಯಮಪುಸ್ತಕವಾದ ಪ್ಲೇಯರ್ಸ್ ಹ್ಯಾಂಡ್‌ಬುಕ್ಕನ್ನು ಮುಂದಿಟ್ಟುಕೊಂಡು ನಮ್ಮ ಐವರ ಗುಂಪು ಒಂದನೇ ಲೆವೆಲ್‌ನಿಂದ ಹನ್ನೊಂದನೇ ಲೆವೆಲ್‌ವರೆಗೆ ಒಂದು ದೀರ್ಘ ಕಥನವನ್ನು ಆಡಿ ಮುಗಿಸಿದೆ. ಲೆವೆಲ್ ಎಂದರೆ ಪಾತ್ರದ ಬಲದ ಮೆಟ್ಟಿಲು, ಕ್ಲಾಸ್ ಎಂದರೆ ಅದರ ಕಸುಬು. 384 ಪುಟಗಳ ಈ ಪುಸ್ತಕದಲ್ಲಿ 12 ಕ್ಲಾಸ್‌ಗಳೂ 48 ಸಬ್‌ಕ್ಲಾಸ್‌ಗಳೂ ಇವೆ. ಅವೆಲ್ಲವನ್ನೂ ಅಳೆಯುವ ಉದ್ದೇಶ ನನಗಿಲ್ಲ. ಮಂತ್ರವನ್ನೇ ನೆಚ್ಚಿಕೊಂಡ ಕ್ಲಾಸ್‌ಗಳನ್ನು ಇಲ್ಲಿ ಹೇಗೆ ಕಟ್ಟಿದ್ದಾರೆ, ಕತ್ತಿ ಹಿಡಿದ ಫೈಟರ್‌ನ ಪಕ್ಕದಲ್ಲಿ ಅವು ಎಷ್ಟು ನ್ಯಾಯವಾಗಿ ನಿಲ್ಲುತ್ತವೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಒಂದೊಂದು ಮಂತ್ರದ ಮಟ್ಟದಲ್ಲಿ ಆಗಿರುವ ರಿಪೇರಿ ಬಹುಪಾಲು ಒಳ್ಳೆಯದೇ, ಆದರೆ ಮಂತ್ರದ ಖಜಾನೆ ಯಾವಾಗ ಮತ್ತೆ ತುಂಬಬೇಕು ಎಂಬ ಮೂಲ ಪ್ರಶ್ನೆಯನ್ನು ಪುಸ್ತಕ ಆಟದ ಮೇಜಿಗೇ ಬಿಟ್ಟುಕೊಟ್ಟಿದೆ.

ಈ ಪ್ರಶ್ನೆ ಹೊಸದಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಮೊದಲ ಆವೃತ್ತಿಯಲ್ಲಿ ಮಾಂತ್ರಿಕನಿಗೆ ಒಂದನೇ ಲೆವೆಲ್‌ನಲ್ಲಿ ಇದ್ದದ್ದು ಒಂದೇ ಒಂದು ಮಂತ್ರ. ಪ್ರಯೋಗಿಸಿದ ಕೂಡಲೇ ಅದು ನೆನಪಿನಿಂದ ಅಳಿಸಿಹೋಗುತ್ತಿತ್ತು. ಕಥೆಗಾರ ಜ್ಯಾಕ್ ವ್ಯಾನ್ಸ್‌ನಿಂದ ಎರವಲು ತಂದ ಕಲ್ಪನೆಯದು. ಆರಂಭದಲ್ಲಿ ದುರ್ಬಲ, ಕೊನೆಯಲ್ಲಿ ಅಜೇಯ ಎಂಬುದೇ ಆಗಿನ ಸಮತೋಲನವಾಗಿತ್ತು. ಆದರೆ ಕಥನವೊಂದು ಮೂರನೆಯ ಲೆವೆಲ್‌ನಲ್ಲೇ ನಿಂತುಹೋದರೆ ಮಾಂತ್ರಿಕನಾಗಿ ಆಡಿದವರು ಕಷ್ಟವನ್ನಷ್ಟೇ ಉಂಡಿರುತ್ತಾರೆ. ಹದಿನೈದರಿಂದ ಶುರುವಾದರೆ ಸುಖವನ್ನಷ್ಟೇ. 2008ರ ನಾಲ್ಕನೆಯ ಆವೃತ್ತಿ ಎಲ್ಲ ಕ್ಲಾಸ್‌ಗಳಿಗೂ ಒಂದೇ ಅಚ್ಚನ್ನು ಕೊಟ್ಟು, ಸದಾ ಬಳಸಬಹುದಾದ, ಒಂದು ಕಾಳಗಕ್ಕೊಮ್ಮೆ ಬಳಸಬಹುದಾದ, ದಿನಕ್ಕೊಮ್ಮೆ ಬಳಸಬಹುದಾದ ಶಕ್ತಿಗಳೆಂದು ವಿಂಗಡಿಸಿತು. ಲೆಕ್ಕ ಸರಿಹೋಯಿತು, ಆದರೆ ಮಾಂತ್ರಿಕನಿಗೂ ಯೋಧನಿಗೂ ರುಚಿಯಲ್ಲಿ ವ್ಯತ್ಯಾಸವೇ ಉಳಿಯಲಿಲ್ಲವೆಂದು ಹಲವು ಹಳೆಯ ಆಟಗಾರರು ಮುನಿಸಿಕೊಂಡರು. 2014ರ ಐದನೆಯ ಆವೃತ್ತಿ ಸ್ಪೆಲ್ ಸ್ಲಾಟ್‌ಗಳ, ಅಂದರೆ ಮಂತ್ರ ಹಾಕಿದಂತೆ ಖರ್ಚಾಗಿ ವಿಶ್ರಾಂತಿಯ ನಂತರ ಮರಳುವ ಅವಕಾಶಗಳ, ಹಾದಿಗೆ ಹಿಂದಿರುಗಿತು. ಈಗ ನನ್ನ ಕೈಯಲ್ಲಿರುವುದು ಅದರದೇ ಪರಿಷ್ಕರಣೆ.

ಗ್ರಂಥ ಓದಿ ಮಂತ್ರ ಕಲಿಯುವ ಕ್ಲಾಸ್ ಆದ ವಿಝರ್ಡ್‌ಗೆ ಒಂದನೇ ಲೆವೆಲ್‌ನಲ್ಲಿ ಎರಡು ಸ್ಲಾಟ್‌ಗಳಿರುತ್ತವೆ. ಐದನೇ ಲೆವೆಲ್‌ಗೆ ಬಂದಾಗ ಮೊದಲ ಹಂತದ ನಾಲ್ಕು, ಎರಡನೆಯ ಹಂತದ ಮೂರು, ಮೂರನೆಯ ಹಂತದ ಎರಡು, ಒಟ್ಟು ಒಂಬತ್ತಾಗುತ್ತವೆ; ಹಂತ ಮೇಲಾದಷ್ಟೂ ಮಂತ್ರ ಬಲವಾದದ್ದು. ಇಪ್ಪತ್ತನೇ ಲೆವೆಲ್‌ನಲ್ಲಿ ಇಪ್ಪತ್ತೆರಡು. ಮಾಂತ್ರಿಕರ ಬಲದ ಮಾತು ಬಂದಾಗಲೆಲ್ಲ ಜನ ಮೊದಲು ಬೊಟ್ಟು ಮಾಡುವುದು ಮೂರನೆಯ ಹಂತದ ಬೆಂಕಿಯುಂಡೆ ಮಂತ್ರ ಫೈರ್‌ಬಾಲ್ ಕಡೆಗೆ. ಆರು ಮುಖದ ಎಂಟು ದಾಳ, ಸರಾಸರಿ 28ರ ಹಾನಿ, ಸೇವಿಂಗ್ ಥ್ರೋನಲ್ಲಿ (ಮಂತ್ರದಿಂದ ತಪ್ಪಿಸಿಕೊಳ್ಳಲು ಎಸೆಯುವ ದಾಳ) ಗೆದ್ದವರಿಗೆ ಅರ್ಧ. ಐದನೇ ಲೆವೆಲ್‌ನ ಫೈಟರ್ ಒಂದು ಸರದಿಯಲ್ಲಿ ಎರಡು ಬಾರಿ ಕತ್ತಿ ಬೀಸುತ್ತಾನೆ. ಎಂಟು ಮುಖದ ದಾಳ, ಬಲದಿಂದ ನಾಲ್ಕು, ಡ್ಯುಯೆಲಿಂಗ್ ಶೈಲಿಯಿಂದ ಎರಡು ಸೇರಿದರೆ ಒಂದು ಏಟಿಗೆ ಸರಾಸರಿ 10.5, ಎರಡೂ ತಗುಲಿದರೆ 21. ಎದುರಿಗೆ ಒಬ್ಬನೇ ಶತ್ರುವಿದ್ದಾಗ ಅಂತರ ಏಳೇ ಏಳು. ಅದೂ ಫೈಟರ್ ಇದನ್ನು ದಿನವಿಡೀ ಮಾಡಬಲ್ಲ, ವಿಝರ್ಡ್ ಕೆಲವೇ ಬಾರಿ. ಇಪ್ಪತ್ತು ಅಡಿ ತ್ರಿಜ್ಯದೊಳಗೆ ಆರು ಜನ ಸಿಕ್ಕಿಬಿದ್ದರೆ ಕಥೆ ಬೇರೆ, ನಿಜ. ಆದರೆ ಗುಂಪನ್ನು ಚದುರಿಸುವುದು ಮಾಂತ್ರಿಕನ ಕೆಲಸವೆಂದು ಒಪ್ಪಿಕೊಂಡ ಮೇಲೆ ಅದರಲ್ಲಿ ಅನ್ಯಾಯವೇನೂ ನನಗೆ ಕಾಣುವುದಿಲ್ಲ.

ಮಂತ್ರಗಳ ತಿದ್ದುಪಡಿಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಕೌಂಟರ್‌ಸ್ಪೆಲ್. 2014ರಲ್ಲಿ ಮೂರನೆಯ ಹಂತದವರೆಗಿನ ಯಾವ ಮಂತ್ರವನ್ನಾದರೂ ಅದು ದಾಳ ಎಸೆಯದೆಯೇ ನುಂಗಿಹಾಕುತ್ತಿತ್ತು. ಈಗ ಮಂತ್ರ ಹಾಕುತ್ತಿರುವವರು ಒಂದು ಸೇವಿಂಗ್ ಥ್ರೋ ಎಸೆಯುತ್ತಾರೆ. ಸೋತರೂ ಅವರ ಸ್ಲಾಟ್ ಉಳಿಯುತ್ತದೆ, ನಷ್ಟವಾಗುವುದು ಆ ಸರದಿಯಷ್ಟೇ. ಕಂಜ್ಯೂರ್ ಆ್ಯನಿಮಲ್ಸ್ ಕೂಡ ಹೀಗೆಯೇ ಬದಲಾಗಿದೆ. ಹಿಂದೆ ಅದು ಎಂಟು ತೋಳಗಳನ್ನು ಕರೆತಂದರೆ ಎಂಟಕ್ಕೂ ಪ್ರತ್ಯೇಕ ನಡೆ, ಪ್ರತ್ಯೇಕ ದಾಳ. ಮಿಕ್ಕ ಆಟಗಾರರು ಆಕಳಿಸುತ್ತ ಕೂರಬೇಕಾಗಿತ್ತು. ಈಗ ಅದು ಒಂದೇ ಛಾಯಾಹಿಂಡಾಗಿ ನೆಲದ ಮೇಲೆ ಸರಿದಾಡುತ್ತದೆ. ಸ್ಪಿರಿಚುವಲ್ ವೆಪನ್‌ಗೂ ಫೋರ್ಸ್‌ಕೇಜ್‌ಗೂ ಏಕಾಗ್ರತೆಯ ನಿಯಮ (ಏಕಾಗ್ರತೆ ಬೇಡುವ ಮಂತ್ರ ಒಂದು ಸಮಯಕ್ಕೆ ಒಂದೇ) ಅನ್ವಯವಾಗಿರುವುದು, ಒಂದು ಸರದಿಯಲ್ಲಿ ಒಂದೇ ಸ್ಲಾಟ್ ಖರ್ಚು ಮಾಡಬಹುದೆಂಬ ಸರಳ ನಿಯಮ ಬಂದಿರುವುದು, ಇವೂ ಸ್ವಾಗತಾರ್ಹ. ಸಹಜ ಮಂತ್ರಶಕ್ತಿಯ ಕ್ಲಾಸ್ ಆದ ಸಾರ್ಸರರ್‌ಗೆ ಇಪ್ಪತ್ತನೇ ಲೆವೆಲ್‌ನಲ್ಲೂ ಹಿಂದೆ 15 ಮಂತ್ರಗಳಷ್ಟೇ ಗೊತ್ತಿರುತ್ತಿದ್ದವು, ಈಗ 22. ಆ ಬಡತನ ನೀಗಿದೆ.

ಎಡವಿದ್ದೂ ಉಂಟು. ಕಂಜ್ಯೂರ್ ಮೈನರ್ ಎಲಿಮೆಂಟಲ್ಸ್ ಮಂತ್ರವು ಹತ್ತಿರದಲ್ಲಿರುವ ಶತ್ರುವಿಗೆ ತಗುಲುವ ಪ್ರತಿಯೊಂದು ಏಟಿಗೂ ಎಂಟು ಮುಖದ ಎರಡು ದಾಳಗಳ ಹಾನಿಯನ್ನು ಸೇರಿಸುತ್ತದೆ. ಸ್ಕಾರ್ಚಿಂಗ್ ರೇ ಒಂದೇ ಬಾರಿಗೆ ಮೂರು ಕಿರಣಗಳನ್ನು ಬಿಡುವುದರಿಂದ ಈ ಎರಡನ್ನೂ ಜೋಡಿಸಿದವರಿಗೆ ಪ್ರತಿ ಕಿರಣಕ್ಕೂ ಆ ಲಾಭ ಸಿಗುತ್ತಿತ್ತು. ಮೇಲಿನ ಹಂತದ ಸ್ಲಾಟ್ ಬಳಸಿದಂತೆಲ್ಲ ಹಂತಕ್ಕೆ ಇನ್ನೂ ಎರಡು ದಾಳ. ನಂತರದ ತಿದ್ದುಪಡಿಯಲ್ಲಿ ಈ ಏರಿಕೆಯನ್ನು ಹಂತಕ್ಕೊಂದು ದಾಳಕ್ಕೆ ಇಳಿಸಿದ್ದಾರೆ, ಹಾಗಾಗಿ ಮೊದಲ ಮುದ್ರಣ ಇಟ್ಟುಕೊಂಡವರು ತಮ್ಮ ಪ್ರತಿಯಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿಕೊಳ್ಳುವುದು ಒಳಿತು. ವಾಲ್ ಆಫ್ ಫೋರ್ಸ್ ಮಾತ್ರ ಎಂದಿನಂತೆಯೇ ಇದೆ: ದಾಳದ ಪರೀಕ್ಷೆಯಿಲ್ಲ, ಹತ್ತು ನಿಮಿಷದ ಗೋಡೆ, ಶತ್ರುಪಡೆ ಎರಡು ಹೋಳು. ನಮ್ಮ ಮೇಜಿನಲ್ಲಿ ಒಂದು ಕಾಳಗ ಎರಡನೇ ಸರದಿಯಲ್ಲೇ ಹೀಗೆ ತೀರ್ಮಾನವಾಗಿಹೋಯಿತು. ಉಳಿದ ಮುಕ್ಕಾಲು ಗಂಟೆ ನಾವು ಆಡಿದ್ದು ಶಿಷ್ಟಾಚಾರಕ್ಕಾಗಿ.

ಈ ಪುಸ್ತಕದ ಅತ್ಯುತ್ತಮ ಮಾಂತ್ರಿಕ ಕ್ಲಾಸ್ ಯಾವುದೆಂದು ಕೇಳಿದರೆ ನಾನು ಹಿಂದುಮುಂದು ನೋಡದೆ ಅಲೌಕಿಕ ಶಕ್ತಿಯೊಂದರ ಜತೆಗಿನ ಒಪ್ಪಂದದಿಂದ ಮಂತ್ರ ಪಡೆಯುವ ವಾರ್‌ಲಾಕ್ ಎನ್ನುತ್ತೇನೆ. ಐದನೇ ಲೆವೆಲ್‌ನಲ್ಲಿ ಅದಕ್ಕಿರುವುದು ಎರಡೇ ಸ್ಲಾಟ್, ಆದರೆ ಎರಡೂ ಮೂರನೆಯ ಹಂತದವು. ಒಂದು ಗಂಟೆಯ ಕಿರುವಿಶ್ರಾಂತಿ ಮುಗಿದರೆ ಎರಡೂ ಹಿಂದಿರುಗುತ್ತವೆ. ದಿನಕ್ಕೆ ಎರಡು ಕಿರುವಿಶ್ರಾಂತಿ ಸಿಕ್ಕಿತೆಂದರೆ ಮೂರನೆಯ ಹಂತದ ಮಂತ್ರವನ್ನು ಆರು ಬಾರಿ ಹಾಕಬಹುದು. ವಿಶ್ರಾಂತಿಯೇ ಸಿಗದಿದ್ದರೆ ಎರಡೇ ಬಾರಿ. ಈ ಅನಿಶ್ಚಿತತೆಗೆ ಪರಿಹಾರವಾಗಿ ಎರಡನೇ ಲೆವೆಲ್‌ನಲ್ಲಿ ಮ್ಯಾಜಿಕಲ್ ಕನಿಂಗ್ ಬಂದಿದೆ: ಒಂದು ನಿಮಿಷದ ವಿಧಿಯಿಂದ ಅರ್ಧದಷ್ಟು ಸ್ಲಾಟ್ ಮರಳುತ್ತದೆ, ಒಂದು ದೀರ್ಘವಿಶ್ರಾಂತಿಯಿಂದ (ಎಂಟು ಗಂಟೆಯ ವಿರಾಮ) ಇನ್ನೊಂದರವರೆಗೆ ಒಮ್ಮೆ ಮಾತ್ರ. ಕೈಯಲ್ಲಿ ಎರಡೇ ಕಾಸಿರುವವನು ಸಂತೆಯಲ್ಲಿ ಹೇಗೆ ಯೋಚಿಸಿ ನಡೆಯುತ್ತಾನೋ ವಾರ್‌ಲಾಕ್ ಆಡುವವರೂ ಹಾಗೆಯೇ ಆಡುತ್ತಾರೆ. ನಮ್ಮ ಗುಂಪಿನಲ್ಲಿ ಪ್ರತಿ ಕಾಳಗದ ನಂತರ ‘ಒಂದು ಗಂಟೆ ಕೂರೋಣವೇ’ ಎಂಬ ಚರ್ಚೆ ನಡೆಯುತ್ತಿತ್ತು, ಮತ್ತು ಕಿರುವಿಶ್ರಾಂತಿಯಿಂದ ಮರಳುವ ಸ್ವಯಂಚೇತರಿಕೆಯ ಸೆಕೆಂಡ್ ವಿಂಡ್ ಖರ್ಚಾಗಿದ್ದ ಫೈಟರ್ ಬಹುತೇಕ ಪ್ರತಿ ಬಾರಿಯೂ ವಾರ್‌ಲಾಕ್‌ನ ಪರ ವಹಿಸುತ್ತಿದ್ದ. ಮಾಂತ್ರಿಕನ ಹಿತವೂ ಯೋಧನ ಹಿತವೂ ಒಂದೇ ಕಡೆ ಸೇರುವುದು ಈ ಆಟದಲ್ಲಿ ಅಪರೂಪ.

ವಿಝರ್ಡ್‌ನ ವಿಷಯದಲ್ಲಿ ಪುಸ್ತಕದ ದೌರ್ಬಲ್ಯ ಬಯಲಾಗುತ್ತದೆ. ಆಟ ನಡೆಸುವ ಡಂಜನ್ ಮಾಸ್ಟರ್‌ಗೆಂದು ಇರುವ 2014ರ ಕೈಪಿಡಿ ಒಂದು ದಿನದಲ್ಲಿ ಮಧ್ಯಮ ಅಥವಾ ಕಠಿಣ ಮಟ್ಟದ ಆರರಿಂದ ಎಂಟು ಕಾಳಗಗಳನ್ನು ನಿಭಾಯಿಸಬಹುದೆಂದು ಅಂದಾಜು ಹಾಕಿತ್ತು. ವಿಝರ್ಡ್‌ನ ಸ್ಲಾಟ್‌ಗಳು ಬಹುಪಾಲು ದೀರ್ಘವಿಶ್ರಾಂತಿಯ ನಂತರವೇ ಮರಳುವುದರಿಂದ ಆ ಗತಿಯಲ್ಲಿ ಆಡಿದರೆ ಒಂಬತ್ತು ಸ್ಲಾಟ್ ನಿಜಕ್ಕೂ ಕಡಿಮೆಯೇ. ನಾನು ಕೂತಿರುವ ಮೇಜುಗಳಲ್ಲಿ ದಿನಕ್ಕೆ ಎರಡೋ ಮೂರೋ ಕಾಳಗ ನಡೆದರೆ ಹೆಚ್ಚು. ಆಗ ವಿಝರ್ಡ್‌ಗೆ ಉಳಿತಾಯದ ಚಿಂತೆಯೇ ಇರುವುದಿಲ್ಲ. ಹೊಸ ಕೈಪಿಡಿಯಲ್ಲಿ ಆ ಎಣಿಕೆಯನ್ನೇ ಕೈಬಿಟ್ಟಿದ್ದಾರೆ, ಆದರೆ ಸ್ಲಾಟ್‌ಗಳ ಸಂಖ್ಯೆ ಹಳೆಯದೇ. ಇದಕ್ಕಿಂತ ವಿಚಿತ್ರವಾದದ್ದು ಟೈನಿ ಹಟ್. ಮೂರನೆಯ ಹಂತದ ಈ ಮಂತ್ರ ಎಂಟು ಗಂಟೆ ನಿಲ್ಲುವ ಅಭೇದ್ಯ ಗುಮ್ಮಟವನ್ನು ಕಟ್ಟುತ್ತದೆ. ಹತ್ತು ನಿಮಿಷ ಹೆಚ್ಚು ವ್ಯಯಿಸಿ ರಿಚುವಲ್ ಆಗಿ ಹಾಕಿದರೆ ಸ್ಲಾಟ್ ಕೂಡ ಖರ್ಚಾಗುವುದಿಲ್ಲ. ದೀರ್ಘವಿಶ್ರಾಂತಿಗೆ ಬೇಕಾದದ್ದೂ ಸರಿಯಾಗಿ ಎಂಟು ಗಂಟೆ! ಯಾವ ಕ್ಲಾಸ್‌ನ ಬಲಕ್ಕೆ ವಿಶ್ರಾಂತಿಯೇ ಕಡಿವಾಣವೋ ಆ ಕ್ಲಾಸ್‌ನ ಕೈಗೇ ವಿಶ್ರಾಂತಿಯ ಬೀಗದ ಕೈಯನ್ನು ಪುಕ್ಕಟೆಯಾಗಿ ಕೊಟ್ಟಂತಾಯಿತು.

ಫೈಟರ್‌ಗೆ ಹೊಸದಾಗಿ ಬಂದಿರುವ, ಆಯುಧಕ್ಕೆ ತಕ್ಕ ವಿಶೇಷ ಪರಿಣಾಮ ಕೊಡುವ ವೆಪನ್ ಮಾಸ್ಟರಿ ಕಾಳಗದಲ್ಲಿ ಚೆನ್ನಾಗಿದೆ. ಕಾಳಗದ ಹೊರಗೆ ಟ್ಯಾಕ್ಟಿಕಲ್ ಮೈಂಡ್‌ನಿಂದ ಸೋತ ಪ್ರಯತ್ನಕ್ಕೆ ಸೇರಿಸಲು ಒಂದು ಹತ್ತು ಮುಖದ ದಾಳ ಸಿಗುತ್ತದೆ, ಅಷ್ಟೇ. ಕಂದಕ ದಾಟಲು ಯೋಧ ಹಗ್ಗ ಹುಡುಕುತ್ತಿರುವಾಗ ಫ್ಲೈ ಮಂತ್ರ ತಯಾರಿಟ್ಟುಕೊಂಡ ಗೆಳೆಯ ಆಗಲೇ ಆಚೆ ದಡದಲ್ಲಿರುತ್ತಾನೆ. ಹಾನಿಯ ಅಂಕಿಗಳನ್ನು ಎಷ್ಟೇ ತಿದ್ದಿದರೂ ಈ ಕಂದಕ ಮುಚ್ಚುವುದಿಲ್ಲ.

ಬಳಕೆಯ ಬಗ್ಗೆ ಒಂದು ಮಾತು. ಮಂತ್ರಗಳ ಪಟ್ಟಿಯನ್ನು ಆಯಾ ಕ್ಲಾಸ್‌ನ ಭಾಗದಲ್ಲೇ ಕೊಟ್ಟಿರುವುದು ದೊಡ್ಡ ಉಪಕಾರ, ಆದರೆ ವಿವರಣೆಗಳು ಇನ್ನೂ ಅಕಾರಾದಿಯಲ್ಲೇ ಇರುವುದರಿಂದ ಹೊಸಬರ ಬೆರಳು ಪುಟಗಳ ನಡುವೆ ಓಡಾಡುತ್ತಲೇ ಇರುತ್ತದೆ.

ಮೊದಲ ಬಾರಿ ಮಾಂತ್ರಿಕರಾಗುವವರು ಸಾರ್ಸರರ್ ಅಥವಾ ವಾರ್‌ಲಾಕ್ ಆಯ್ದುಕೊಳ್ಳಲಿ. ವಿಝರ್ಡ್ ಬೇಕೇ ಬೇಕೆಂದರೆ ಡಂಜನ್ ಮಾಸ್ಟರ್ ಜತೆ ಮೊದಲ ದಿನವೇ ವಿಶ್ರಾಂತಿಯ ಕರಾರು ಮಾಡಿಕೊಳ್ಳುವುದು ಮೇಲು. ಮುಂದಿನ ಕಥನಕ್ಕೆ ನಾವು ಒಪ್ಪಿಕೊಂಡಿರುವುದು ಇಷ್ಟು: ದೀರ್ಘವಿಶ್ರಾಂತಿ ಊರಿನೊಳಗೆ ಮಾತ್ರ, ಮತ್ತು ಟೈನಿ ಹಟ್‌ನೊಳಗೆ ಕಳೆದ ಎಂಟು ಗಂಟೆ ಒಂದು ಕಿರುವಿಶ್ರಾಂತಿಗೆ ಸಮ. ನಮ್ಮ ವಿಝರ್ಡ್ ಎರಡು ವಾರ ಗೊಣಗಿ ಕೊನೆಗೆ ಸಹಿ ಹಾಕಿದ್ದಾನೆ.